ನೊರೆಯ ಗುಳ್ಳೆ

ಬಟ್ಟೆ ಒಣಗಿಸುವ ಹೊಸ ಗ್ಯಾಸ್ ಡ್ರೈಯರ್ ಜೋಡಿಸಿ ಮುಗಿಸಿದ್ದ ಫಿಟ್ಟರ್ ವೆಂಡೆಲ್‌ನ ಬೆರಳು ಅದನ್ನು ಚಾಲೂ ಮಾಡಲು ಸ್ವಿಚ್ಚಿಗೆ ಹೋಗಿತ್ತು. ಲಾಂಡ್ರಿಯ ಒಡತಿ ಬರ್ನಿಸ್ ಸಾಬೂನಿನ ನೊರೆಯ ಬಟ್ಟಲು ಹಿಡಿದು ಅಡ್ಡ ಬಂದಳು.

"ತಡಿ. ಗ್ಯಾಸ್ ಸೋರುತ್ತಾ ಅಂತ ಪೈಪಿಗೆ ನೊರೆ ಹಚ್ಚಿ ನೋಡಿದ್ಯಾ?"

"ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ನಾನು ಬಿಗಿದಿದ್ದು ಸೋರಲ್ಲ. ನೀನು ಬಟ್ಟೆ ಒಗಿ ಹೋಗು."

"ನಿನ್ನ ಮೂವತ್ತು ವರ್ಷ ಪೈಪಿಗೇನು ಗೊತ್ತು? ಹೊರಗೆ ಜನ ಬಟ್ಟೆ ಬುಟ್ಟಿ ಹಿಡ್ಕೊಂಡು ಕಾಯ್ತಿದಾರೆ, ಸೋರಿದ್ರೆ ಅವರ ಗತಿ ಏನು? ಕೈ ತೆಗಿ!"

ಅವಳೇ ಬಗ್ಗಿ ಪೈಪಿನ ಜೋಡಣೆಗೆ ನೊರೆ ಬಳಿದಳು. ನೊರೆಯೊಳಗಿಂದ ಒಂದು ಗುಳ್ಳೆ ಎದ್ದು, ದ್ರಾಕ್ಷಿಯಷ್ಟು ಉಬ್ಬಿ ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಎದ್ದಿತು.

ವೆಂಡೆಲ್ ಗ್ಯಾಸ್ ಬಂದ್ ಮಾಡಿ ಬಾಗಿಲು ತೆರೆದಿಟ್ಟ. ಗಾಳಿಯಾಡಿದ ಮೇಲೆ ಜೋಡಣೆ ಬಿಚ್ಚಿ, ಹೊಸದಾಗಿ ಅಂಟು ಸವರಿ ಬಿಗಿದು, ಮತ್ತೆ ಗ್ಯಾಸ್ ಬಿಟ್ಟ. ಸ್ವಿಚ್ಚಿನ ಹತ್ತಿರ ಹೋಗಲಿಲ್ಲ. ಪಕ್ಕಕ್ಕೆ ಸರಿದು ಬಟ್ಟಲನ್ನು ಅವಳ ಕಡೆ ತಳ್ಳಿದ.

"ನೀನೇ ನೊರೆ ಹಚ್ಚು ಬರ್ನಿಸ್. ನಾನು ನೋಡ್ತೀನಿ."