ಮೊದಲ ಏಟು

ಸಿಹಿಗುಂಬಳಕಾಯಿ ಬೆಳಗಿನಿಂದ ಅಡುಗೆಮನೆಯ ಬಾಗಿಲಲ್ಲೇ ಕುಳಿತಿತ್ತು. ಮೊದಲ ಏಟನ್ನು ಗಂಡಸೇ ಹಾಕಬೇಕು. ಹೆಂಗಸು ಇಡೀ ಕಾಯಿ ಒಡೆದರೆ ಅವಳ ಮಕ್ಕಳಿಗೆ ಕೇಡು. ಗಂಡ ತೀರಿಕೊಂಡ ಮೇಲೆ ಭೈರಮ್ಮನ ಮನೆಯ ಕುಂಬಳಕಾಯಿಗೆಲ್ಲ ಪಕ್ಕದ ಮನೆಯ ಲಕ್ಷ್ಮಯ್ಯನೇ ಗಂಡಸು. ಆ ಒಂದು ಏಟಿಗೆ ಅವನಿಗೆ ಕಾಫಿ ಆಗಬೇಕು, ಎಲೆಅಡಿಕೆ ಆಗಬೇಕು, ಹೋಗುವಾಗ ದೊಡ್ಡ ಹೋಳೂ ಆಗಬೇಕು.

"ಅವ್ವ, ಪಲ್ಯ ಇವತ್ತು ಸಿಗುತ್ತಾ, ಇಲ್ಲಾ ಹೆರಿಗೆ ಆದ್ಮೇಲಾ?" ಎಂದಳು ಏಳು ತಿಂಗಳ ಬಸುರಿ ಮಗಳು ಶಿಲ್ಪ.

ಭೈರಮ್ಮ ಬೇಲಿಯ ಬಳಿ ಹೋಗಿ ಕೂಗಿದಳು. "ಲಕ್ಷ್ಮಯ್ಯಣ್ಣ, ಒಂದ್ಗಳಿಗೆ ಬಂದೋಗಣ್ಣ."

ಜಗುಲಿಯಲ್ಲಿ ಕಾಲು ಚಾಚಿದ್ದ ಲಕ್ಷ್ಮಯ್ಯ ಫೋನಿನಿಂದ ಕಣ್ಣೆತ್ತಲಿಲ್ಲ. "ಬತ್ತೀನಿ ಬುಡವ್ವ. ಕುಂಬಳಕಾಯಿ ಏನು ಓಡೋಗ್ತೈತಾ?"

ಮೂರನೇ ಸಲವೂ ಅದೇ ಮಾತು ಬಂದಾಗ ಭೈರಮ್ಮ ಮನೆಗೆ ಬಂದು ಮಚ್ಚು ತೆಗೆದುಕೊಂಡಳು. ಹೊನ್ನವಳ್ಳಿಯ ತೋಟದ ಮನೆಗಳಲ್ಲಿ ಕೂತು ಇಪ್ಪತ್ತು ವರ್ಷ ಕೊಬ್ಬರಿ ಒಡೆದ ಕೈ ಅವಳದು. ದಿನಕ್ಕೆ ನೂರಾರು ಚಿಪ್ಪು, ಒಳಗಿನ ಇಡೀ ಕೊಬ್ಬರಿ ಗಿಟುಕಿಗೆ ಒಂದು ಗೀರೂ ಬೀಳದಂತೆ. ಆ ಕೈ ಈಗ ಮಗಳ ಹೊಟ್ಟೆ ನೋಡಿ ಮೇಲೆಯೇ ನಿಂತುಬಿಟ್ಟಿತು.

"ಏನಾದ್ರೂ ಆದ್ರೆ?"

"ಹಸ್ಕೊಂಡಿದ್ರೆ ಏನಾಗ್ತೈತೆ, ಅದ್ನೂ ಒಸಿ ಯೋಚ್ನೆ ಮಾಡವ್ವ."

ಒಂದೇ ಏಟು. ಕಾಯಿ ಎರಡಾಗಿ ಬಿತ್ತು. ತಾಯಿ ಮಗಳು ಇಬ್ಬರೂ ಆ ಹೊಟ್ಟೆಯನ್ನೇ ನೋಡುತ್ತ ಕೂತರು. ಶಿಲ್ಪ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಒದೀತು ಕಣವ್ವ. ಬೇಗ ಒಗ್ಗರಣೆ ಹಾಕು," ಎಂದಳು.

ಒಗ್ಗರಣೆಯ ವಾಸನೆಗೆ ಲಕ್ಷ್ಮಯ್ಯ ಎದ್ದು ಬಂದ.

"ಎಲ್ಲವ್ವ ಕಾಯಿ?"

"ಬಾಣಲೀಲಿ ಐತಣ್ಣ."

"ಏಟು ಹಾಕಿದ್ಯಾರು?"

"ನಾನೇ. ನಿಂಗೆ ಪುರುಸೊತ್ತಿರ್ಲಿಲ್ವಲ್ಲ."

ಅವನು ಕಾಫಿಗೂ ನಿಲ್ಲದೆ ಹೋದ. ಸಂಜೆಯ ಹೊತ್ತಿಗೆ ಬೀದಿಯ ಬಾಯಲ್ಲೆಲ್ಲ ಭೈರಮ್ಮನೇ.

ಎರಡು ದಿನ ಕಳೆದು ಅವನ ಹೆಂಡತಿ ಪುಟ್ಟಗಂಗಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಭೈರಮ್ಮನ ಜೊತೆಯಲ್ಲೇ ಕೊಬ್ಬರಿ ಒಡೆಯುವವಳು. ಸೆರಗಿನೊಳಗೆ ಏನೋ ಗುಂಡಗಿತ್ತು.

"ಹುಡುಗಿಗೆ ಏನೂ ಆಗ್ಲಿಲ್ವೇನೇ?"

"ಆಯ್ತು. ಎರಡ್ಸಲ ಪಲ್ಯ ಹಾಕಿಸ್ಕೊಂಡ್ಳು."

ಪುಟ್ಟಗಂಗಮ್ಮ ಸೆರಗು ಸರಿಸಿ ಕುಂಬಳಕಾಯಿಯನ್ನು ಕೆಳಗಿಟ್ಟಳು. "ಹಂಗಾರೆ ಇದ್ಕೂ ಮೊದ್ಲೇಟು ನೀನೇ ಹಾಕ್ಕೊಡೇ. ನಮ್ಮೆಜಮಾನ್ರಿಗೆ ಮಾತ್ರ ಹೇಳ್ಬೇಡ."

ಭೈರಮ್ಮ ಮಚ್ಚಿನ ಹಿಡಿಯನ್ನು ಅವಳ ಕಡೆಗೇ ತಿರುಗಿಸಿ ಚಾಚಿದಳು. "ನೀನೇ ಹಾಕು ಅತ್ತಿಗೆ."

ಪುಟ್ಟಗಂಗಮ್ಮ ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.