ಅವ್ವನ ಜಡೆ

ಬೇರು ಹಾಕಿ ಎಣ್ಣೆ ಕಾಯಿಸುವ ವಾಸನೆ ಬಂದರೆ ಈಗಲೂ ನನ್ನ ಕೈ ಕತ್ತಿನ ಹಿಂದಕ್ಕೆ ಹೋಗುತ್ತದೆ.

ಅವ್ವ ಕೂದಲೆಣ್ಣೆ ಮಾರಲು ಮಲೇಷ್ಯಾಕ್ಕೆ ಹೊರಟಿದ್ದಳು. ಅಲ್ಲಿ ವರ್ಷವಿಡೀ ಸೆಖೆಯಂತೆ. ತೆಳ್ಳನೆಯ ಸೀರೆ, ಸೊಳ್ಳೆ ಮುಲಾಮು ಇಟ್ಟುಕೊಂಡು, ಎಣ್ಣೆ ಬಾಟಲಿಗಳನ್ನು ನನ್ನ ಹಳೇ ಲಂಗದಲ್ಲಿ ಸುತ್ತಿದಳು. ಅಜ್ಜಿ ಅವಳ ಇಲಿಬಾಲದಂಥ ಜಡೆ ಎತ್ತಿ ನೋಡಿದಳು.

"ಇದನ್ನ ನೋಡಿ ಎಣ್ಣೆ ಯಾರು ತಗಂತಾರೆ?"

ನನ್ನನ್ನು ಕಾಲ ಸಂದಿಯಲ್ಲಿ ಕೂರಿಸಿಕೊಂಡು, ಸೊಂಟ ಮುಟ್ಟುತ್ತಿದ್ದ ನನ್ನ ಜಡೆಯನ್ನು ಕತ್ತರಿಯಿಂದ ಕಚಕಚ ಕತ್ತರಿಸಿದಳು. ಅದನ್ನು ಅವ್ವನ ಜಡೆಗೆ ಹೆಣೆದು ಕರಿದಾರ ಬಿಗಿದಳು.

"ಅಳಬ್ಯಾಡ, ನಿಂದು ಮತ್ತೆ ಬೆಳೀತೈತೆ."

ಚನ್ನಗಿರಿ ಬಸ್ಸು ಬಂತು. ಅವ್ವ ಬಗ್ಗಿ ಮುತ್ತು ಕೊಡುವಾಗ ಜಡೆ ಜಾರಿ ನನ್ನೆದುರು ತೂಗಿತು. ಗಟ್ಟಿಯಾಗಿ ಹಿಡಿದುಕೊಂಡೆ. ಅವ್ವ ನನ್ನ ಕೈಗೆ ಫಟ್ಟನೆ ಹೊಡೆದಳು.

"ಬಿಡೇ, ನನ್ನ ಜಡೆ ಎಳೀಬ್ಯಾಡ!"