ಗಾಜಿನಾಚೆಯ ಕೈ

ಬಾಹ್ಯಾಕಾಶದಲ್ಲಿ ಇದ್ದಕ್ಕಿದ್ದಂತೆ ಸೊಂಟ ಹಿಡಿದುಕೊಂಡು ನೋವು ಶುರುವಾದರೆ?

ಡಾಕ್ಟರ್ ಇಲ್ಲ... ಆಂಬುಲೆನ್ಸ್ ಇಲ್ಲ... ಕೂಗಿದರೆ ಓಡಿ ಬರಲು ಪಕ್ಕದ ಮನೆಯವರೂ ಇಲ್ಲ.

ಅಂಥ ಕಡೆ ಹೋಗುವವರಿಗಾಗಿ ಹೊಸ ವೈದ್ಯಕೀಯ ಉಪಕರಣ ಹುಡುಕಲು ಬೆಂಗಳೂರಿನಲ್ಲಿ ಒಂದು ಸಮಿತಿ ಕೂತಿತ್ತು.

ಧಾರವಾಡದ ಎಂಜಿನಿಯರ್ ಮಹಾಂತೇಶ ತಾನೇ ಮಾಡಿದ ಪುಟ್ಟ ಸ್ಕ್ಯಾನರ್ ತಂದಿದ್ದ. ಸೊಂಟದ ಮೇಲೆ ಆಡಿಸಿದರೆ, ಕಿಡ್ನಿಯಲ್ಲಿ ಕಲ್ಲಿದೆಯೇ ಎಂದು ಅದೇ ಹೇಳುತ್ತಿತ್ತು.

ವರ್ಷಗಟ್ಟಲೆ ನಿದ್ದೆಗೆಟ್ಟು ಮಾಡಿದ ಕೆಲಸ... ಇವತ್ತು ಆಯ್ಕೆಯಾಗದಿದ್ದರೆ ಕಂಪನಿಗೆ ಬೀಗ.

ಪರೀಕ್ಷೆ ಸರಳ. ವೈದ್ಯಕೀಯ ಗೊತ್ತಿಲ್ಲದ ಒಬ್ಬರು ಗಾಜಿನ ಕೋಣೆಯಲ್ಲಿ ಒಬ್ಬರೇ ಕೂತು, ಯಂತ್ರ ಹೇಳಿದಂತೆ ಮಾಡಿ, ತಮ್ಮ ಕಿಡ್ನಿಯನ್ನು ತಾವೇ ಹುಡುಕಬೇಕು. ಸಿಕ್ಕರೆ ಹಸಿರು ದೀಪ.

ಒಳಗೆ ಹೋದವರು ಪಕ್ಕದ ಬೀದಿಯ ಟೈಲರ್ ಪದ್ಮಾವತಮ್ಮ.

"ನಂಗೆ ಮೊಬೈಲೇ ಸರಿಯಾಗಿ ಬರಲ್ಲ ಕಣಪ್ಪಾ. ನಿನ್ನ ಮಿಷಿನ್ ಕೆಟ್ಟೋದ್ರೆ ನನ್ನ ಬೈಬೇಡ!"

ಪರದೆಯ ಮೇಲಿನ ಬಾಣ ಎಡಕ್ಕೆ ತೋರಿಸಿತು.

ಯಾರ ಎಡ? ತನ್ನದೋ... ಚಿತ್ರದಲ್ಲಿರುವ ಮನುಷ್ಯನದೋ? ಪದ್ಮಾವತಮ್ಮನ ಕೈ ತಡವರಿಸಿತು. ತಪ್ಪು ಕಡೆಗೇ ಜರುಗಿತು.

ಸಮಿತಿಯವರೆಲ್ಲ ಗೋಡೆಯ ಟೀವಿಯಲ್ಲಿ ಸ್ಕ್ಯಾನರಿನ ಚಿತ್ರ ನೋಡುತ್ತಿದ್ದರು. ಗಾಜಿನಾಚೆ ನಿಂತಿದ್ದ ಮಹಾಂತೇಶ ಮೆಲ್ಲಗೆ ಕೈ ಎತ್ತಿ, 'ಆ ಕಡೆ' ಎಂದು ಸನ್ನೆ ಮಾಡಿದ... ಅಷ್ಟೇ.

ಹಸಿರು ದೀಪ! ಚಪ್ಪಾಳೆ!

ಹೊರಗೆ ಬಂದ ಪದ್ಮಾವತಮ್ಮ ನೇರ ಬಂದು ಅವನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು.

"ಪುಣ್ಯಾತ್ಮ ಕಣಪ್ಪಾ ನೀನು. ಅಷ್ಟು ಜನರ ಮುಂದೆ ನನ್ನ ಮಾನ ಉಳಿಸಿದೆ... ಆಕಾಶಕ್ಕೆ ಹೋಗೋ ಮಕ್ಕಳಿಗೂ ಹಿಂಗೇ ಗಾಜಿನಾಚೆ ಯಾರಾದ್ರೂ ನಿಂತಿರ್ತಾರಲ್ವಾ?"

ಅವರು ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೇ ಕೇಳಿದ್ದು.

ಮಹಾಂತೇಶನ ಕಣ್ಣ ಮುಂದೆ ಬಂದದ್ದು ಬೇರೆಯದೇ ಚಿತ್ರ. ನೋವಿನಲ್ಲಿ ಮುದುಡಿದ ಯಾರದೋ ಮಗ... ತಪ್ಪು ಕಡೆ ಜರುಗುವ ಕೈ... ಗಾಜಿನಾಚೆ ಬರೀ ಕತ್ತಲೆ.

"ಸ್ವೀಟ್ ಯಾವಾಗ ಮಹಾಂತೇಶ್?" ಎಂದು ನಗುತ್ತಾ ಬಂದರು ಸಮಿತಿಯ ಅಧ್ಯಕ್ಷೆ ಡಾಕ್ಟರ್ ವಸುಂಧರಾ.

"ಮೇಡಂ... ಆ ದೀಪ ನನ್ನ ಸ್ಕ್ಯಾನರಿನಿಂದ ಹತ್ತಿದ್ದಲ್ರಿ. ನಾ ಕೈಸನ್ನೆ ಮಾಡಿ ತೋರಿಸಿದೆ."



"ನೀವು ಹೇಳದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ," ಎಂದರು ಡಾಕ್ಟರ್. "ಈಗ ಈ ಸ್ಕ್ಯಾನರನ್ನ ಆಯ್ಕೆ ಮಾಡೋಕಾಗಲ್ಲ."

"ಆಯ್ಕೆ ಮಾಡೋದೂ ಬ್ಯಾಡ್ರಿ ಮೇಡಂ."

ಪದ್ಮಾವತಮ್ಮ ಹಣೆ ಬಡಿದುಕೊಂಡರು. "ಅಯ್ಯೋ, ನನ್ನಿಂದಾನೇ ಕೆಟ್ಟಿತಲ್ಲಪ್ಪಾ!"

"ಇಲ್ರಿ ಅಮ್ಮಾ. ತಪ್ಪು ನನ್ನ ಬಾಣದ್ದು. ನಿಮಗ ಬರಂಗಿಲ್ಲ ಅಂತ ನೀವೇ ಅಂದ್ಕೊಳ್ಳೋ ಹಂಗ ಮಾಡಿದೆ... ಅದಕ್ಕ ಕ್ಷಮಿಸ್ರಿ."

ಪದ್ಮಾವತಮ್ಮ ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಕೂತರು. "ಕೊಡು ಇಲ್ಲಿ. ಮೊದಲಿಂದ ನೋಡೋಣ, ಎಲ್ಲಿ ಎಡವಟ್ಟು ಆಗತ್ತೆ ಅಂತ. ನೀನು ಮಾತ್ರ ಆ ಕಡೆ ತಿರುಗು!"

ಮಹಾಂತೇಶ ಬೆನ್ನು ತಿರುಗಿಸಿ, ಕೈಕಟ್ಟಿ ನಿಂತ.

ಬೆನ್ನ ಹಿಂದೆ ಯಂತ್ರ 'ತಪ್ಪು' ಎಂದು ಬೀಪ್ ಮಾಡಿತು. ಮತ್ತೆ ಬೀಪ್... ಮತ್ತೆ ಬೀಪ್...

ಕಣ್ಣೀರು ಗಲ್ಲಕ್ಕಿಳಿಯಿತು. ಅವನು ತಿರುಗಲಿಲ್ಲ.

ನಾವು ಎದುರಿಗೆ ನಿಂತು ಗೆಲ್ಲಿಸಿದ ಕೆಲಸ, ನಾವಿಲ್ಲದ ಕಡೆ ಯಾರದೋ ಜೀವ ತೆಗೆಯಬಹುದು.

ಇವತ್ತು ನಿಮಗೆ ಸಿಕ್ಕ ಚಪ್ಪಾಳೆಯ ಹಿಂದೆ ಯಾರೂ ನೋಡದ ಒಂದು ಕೈಸನ್ನೆ ಇತ್ತೇ?